ಎಲೆಯಲ್ಲಿ ಉಳಿಸಿಕೊಂಡ ತುತ್ತು

ಮಕ್ಕಳೇ, ನಿಮ್ಮ ಅಪ್ಪ ಅಮ್ಮ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನಲ್ಲಿ ಮೊದಲು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಅಡುಗೆಮನೆಯ ಗೋಡೆಯ ಆಚೆ ಬದಿಗೆ ಒಂದು ದೇಶದ ಕಚೇರಿ ಇತ್ತು. ಬೋರ್ಡು, ಬಾವುಟ ಯಾವುದೂ ಇರಲಿಲ್ಲ. ಎರಡು ಕೋಣೆ, ಗೋಡೆಗೆ ಹೊಡೆದ ಒಂದು ಫೋನು, ಊಟದ ಮೇಜಿನ ಮೇಲೆ ಒಂದು ಟೈಪ್‌ರೈಟರು, ಅಷ್ಟೆ. ಬೆಳಿಗ್ಗೆ ನಾನು ಕಾಫಿಗೆ ನೀರಿಡುವ ಹೊತ್ತಿಗೆ ಆ ಟೈಪ್‌ರೈಟರಿನ ಸದ್ದು ಶುರುವಾಗುತ್ತಿತ್ತು. ಯಾರೋ ಅವಸರದಲ್ಲಿ ಅವಲಕ್ಕಿ ಕುಟ್ಟಿದ ಹಾಗೆ ಕೇಳುತ್ತಿತ್ತು.

ನಾನು ಅಲ್ಲಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೆ, ನಿಮ್ಮಲ್ಲಿ ದೊಡ್ಡವಳು ಹುಟ್ಟಿದಾಗ ನಿಮ್ಮಮ್ಮನ ಬಾಣಂತನಕ್ಕೆಂದು ಬಂದವಳು ಹಾಗೆಯೇ ಉಳಿದುಬಿಟ್ಟೆ. ಕುಂದಾಪುರದ ಕಡೆಯ ಹಳ್ಳಿ ಶಾಲೆಯಲ್ಲಿ ಓದಿದವಳು ನಾನು. ಇಂಗ್ಲಿಷಿನ ಅಕ್ಷರ ಗೊತ್ತಿತ್ತು, ಮಾತು ಬರುತ್ತಿರಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಮಗುವನ್ನೆತ್ತಿಕೊಂಡು ಒಳಕೋಣೆಗೆ ಹೋಗಿ ನಿಲ್ಲುತ್ತಿದ್ದೆ.

ಆದರೆ ಒಂದು ಮಧ್ಯಾಹ್ನ ಒಗ್ಗರಣೆಯ ಹೊಗೆಗೆ ಮಾಡಿನಲ್ಲಿದ್ದ, ಬೆಂಕಿ ಬಿದ್ದರೆ ಎಚ್ಚರಿಸುವ ಗಂಟೆ ಹೊಡೆದುಕೊಳ್ಳತೊಡಗಿತು. ಮಗು ಅಳುತ್ತಿತ್ತು, ನನಗೆ ಅದನ್ನು ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಪಕ್ಕದ ಮನೆಯ ಹೆಂಗಸು ಓಡಿಬಂದಳು. ಕುರ್ಚಿ ಹತ್ತಿ, ಪೇಪರು ಬೀಸಿ ಬೀಸಿ ಅದನ್ನು ಸುಮ್ಮನಾಗಿಸಿದಳು. ಆಮೇಲೆ ಬಾಣಲೆಯನ್ನು ಬಗ್ಗಿ ನೋಡಿ ಮೂಗರಳಿಸಿದಳು. ನಾನು ಒಂದು ಬಟ್ಟಲಿಗೆ ಹುರುಳಿಕಾಳಿನ ಪಲ್ಯ ಹಾಕಿಕೊಟ್ಟೆ. ನಮ್ಮ ಸ್ನೇಹ ಶುರುವಾದದ್ದು ಹೀಗೆ. ಮಾತಿಗೆ ನಡುವೆ ನಿಮ್ಮಮ್ಮನ ತರ್ಜುಮೆ.

ಅವಳದು ಆಫ್ರಿಕಾದ ಒಂದು ಸಣ್ಣ ದೇಶ. ಹೆಸರು ಬರೆಯುವುದಿಲ್ಲ, ಆ ಮನೆಯವರಿಗೆ ಅದು ಇಷ್ಟವಾಗಲಿಕ್ಕಿಲ್ಲ. ಅವಳು ಒಂದು ಎಲೆಕ್ಟ್ರಾನಿಕ್ ಕಾರ್ಖಾನೆಯಲ್ಲಿ ಕೂದಲಿಗಿಂತ ಸಣ್ಣ ತಂತಿಗಳನ್ನು ಬೆಸೆಯುವ ಕೆಲಸ ಮಾಡುತ್ತಿದ್ದಳು. ಗಂಡ ಅವರ ಊರಲ್ಲಿ ಕಾಲೇಜಿನ ಮೇಷ್ಟ್ರಾಗಿದ್ದವರು. ಆ ದೇಶದಲ್ಲಿ ಎರಡು ಕಡೆಯವರು ವರ್ಷಗಟ್ಟಲೆ ಒಬ್ಬರನ್ನೊಬ್ಬರು ಕೊಂದು, ಕಡೆಗೆ ಸುಸ್ತಾಗಿ, ಚುನಾವಣೆ ಆಗುವವರೆಗೆ ಎಂದು ಇಬ್ಬರೂ ಸೇರಿ ಒಂದು ಸರ್ಕಾರ ಮಾಡಿಕೊಂಡಿದ್ದರು. ಆ ಸರ್ಕಾರದ ಪ್ರತಿನಿಧಿಯಾಗಿ ಈ ಕಡೆಯಲ್ಲಿ ಕೆಲಸ ಮಾಡಬೇಕೆಂದು ಮೇಷ್ಟ್ರಿಗೆ ಹೇಳಿಕಳಿಸಿದ್ದರು. ಸಂಬಳವಿಲ್ಲ. ಎರಡೂ ಕಡೆಯವರು ಸಹಿಸಿಕೊಳ್ಳಬಲ್ಲ ಮನುಷ್ಯ ಅವರೊಬ್ಬರೇ ಆಗಿದ್ದರಂತೆ. ಗಂಡನ ಕೆಲಸದ ಬಗ್ಗೆ ಕೇಳಿದರೆ ಆ ಹೆಂಗಸು, “ಇಬ್ಬರಿಂದಲೂ ಬೈಸಿಕೊಳ್ಳುವ ಉದ್ಯೋಗ,” ಎಂದು ನಗುತ್ತಿದ್ದಳು.

ಅವಳ ಫ್ರಿಜ್ಜಿನ ಮೇಲೆ ಒಂದು ಹುಡುಗಿಯ ಪಟ ಅಂಟಿಸಿತ್ತು. ಎರಡು ಜಡೆ, ಮುಂದಿನ ಹಲ್ಲೊಂದು ಬಿದ್ದಿದೆ. ಯುದ್ಧದ ಗಲಾಟೆಯಲ್ಲಿ ತಪ್ಪಿಸಿಕೊಂಡು ಬರುವಾಗ ಅಜ್ಜಿಯ ಹತ್ತಿರ ಬಿಟ್ಟುಬಂದ ಮಗಳು. ಅವಳನ್ನು ಕರೆಸಿಕೊಳ್ಳಬೇಕಾದರೆ ಆ ದೇಶದ ರಾಜಧಾನಿಯಲ್ಲಿ ಇಲ್ಲಿಗೆ ಬರಲು ವೀಸಾ ಕೊಡುವ ರಾಯಭಾರ ಕಚೇರಿ ತೆರೆದಿರಬೇಕು, ವಿಮಾನ ಹಾರಬೇಕು. ಯುದ್ಧದಲ್ಲಿ ಬೀಗ ಹಾಕಿ ಹೋದ ದೇಶಗಳು ಯಾವುವೂ ತಿರುಗಿ ಬಂದಿರಲಿಲ್ಲ. ಹೊಸ ಸರ್ಕಾರಕ್ಕೆ ಬೆಂಬಲ ಇದೆ ಎಂದು ಎಲ್ಲರೂ ಹೇಳಿಕೆ ಕೊಟ್ಟಿದ್ದರು. ಆದರೆ ಮೊದಲು ಹೋಗಿ ಬಾಗಿಲು ತೆರೆಯುವವರು ಯಾರೂ ಇರಲಿಲ್ಲ. ಸರ್ಕಾರ ಬಿದ್ದುಹೋದರೆ ಮತ್ತೆ ಓಡಿಬರಬೇಕಲ್ಲ ಎಂದು ಎಲ್ಲರಿಗೂ ಅಂಜಿಕೆ.

“ಯಾರೂ ಬರದೇ ಇದ್ದರೆ ಬಿದ್ದೇಬೀಳುತ್ತದೆ,” ಎಂದಳು ಅವಳು.

ನನಗೆ ಊರಿನ ಹಸಿ ಮಣ್ಣಿನ ಗೋಡೆಯ ನೆನಪಾಯಿತು. ಹೊಸ ಗೋಡೆಗೆ ಯಾರೂ ಒರಗುವ ಹಾಗಿಲ್ಲ. ಮಳೆ ಹಿಡಿಯುವುದರೊಳಗೆ ಯಾರಾದರೂ ಬಂದು ಮಾಡು ಹೊದಿಸಬೇಕು, ಇಲ್ಲದಿದ್ದರೆ ಕಟ್ಟಿದ್ದೆಲ್ಲ ಕೆಸರು.

ಒಂದು ದಿನ ಅವಳು ಮುಖ ಅರಳಿಸಿಕೊಂಡು ಬಂದಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಮ್ಮ ದೇಶದ ಕಾನ್ಸುಲೇಟಿನಲ್ಲಿದ್ದ ಒಬ್ಬ ಅಧಿಕಾರಿ ಅವರ ಮನೆಗೆ ಊಟಕ್ಕೆ ಬರಲು ಒಪ್ಪಿದ್ದರಂತೆ. ನಮ್ಮ ರಾಯಭಾರಿಯನ್ನು ಆ ದೇಶಕ್ಕೆ ವಾಪಸು ಕಳಿಸಬಹುದೇ ಎಂದು ದೆಹಲಿಯವರು ಎಲ್ಲ ಕಡೆಯಿಂದಲೂ ಅಭಿಪ್ರಾಯ ಕೇಳಿದ್ದರು. ಇಲ್ಲಿರುವ ಎರಡೂ ಕಡೆಯ ಜನ ಒಟ್ಟಿಗೆ ಕೂರುತ್ತಾರೋ ಇಲ್ಲವೋ ಎಂಬುದನ್ನು ಆ ಅಧಿಕಾರಿ ಕಣ್ಣಾರೆ ನೋಡಬೇಕಿತ್ತು. ಅವರಲ್ಲಿ ಮುಖ್ಯರು ಇಬ್ಬರು ಹಿರಿಯರು. ಒಬ್ಬರು ಮಾರ್ಗನ್ ಹಿಲ್‌ನಲ್ಲಿ ಮಗನ ಜೊತೆಗಿದ್ದ ನಿವೃತ್ತ ಡಾಕ್ಟರು. ಅವರ ಸೋದರಳಿಯ ಆ ದೇಶದಲ್ಲಿ ಒಂದು ಕಡೆಯ ಸೈನ್ಯದ ಮುಖಂಡ, ಸರ್ಕಾರ ಬಿಟ್ಟು ಹೊರಗೆ ಹೋಗುತ್ತೇನೆಂದು ಗುಡುಗುತ್ತಿದ್ದವನು. ಇನ್ನೊಬ್ಬರು ರೆಡ್‌ವುಡ್ ಸಿಟಿಯ ಪಾದ್ರಿ. ಅವರ ತಮ್ಮ ಇನ್ನೊಂದು ಕಡೆಯಿಂದ ಮಂತ್ರಿಯಾಗಿದ್ದ. ಈ ಇಬ್ಬರು ಫೋನು ಮಾಡಿದರೆ ಅಲ್ಲಿಯವರು ಕೇಳುತ್ತಾರೆ ಎಂದು ಮೇಷ್ಟ್ರ ನಂಬಿಕೆ.

“ಬರುವ ಅಧಿಕಾರಿ ಮಾಂಸ ತಿನ್ನುವುದಿಲ್ಲವಂತೆ. ನೀನು ಅಡುಗೆ ಮಾಡಿಕೊಡುತ್ತೀಯಾ?” ಎಂದು ಕೇಳಿದಳು.

ನಾನು ಮಾಡಿಕೊಡುತ್ತೇನೆ, ಆದರೆ ಹೊರಗೆ ಬರುವುದಿಲ್ಲ ಎಂದೆ. ನಿಮ್ಮಮ್ಮ ತರ್ಜುಮೆ ಮಾಡುತ್ತಾ, “ಅಮ್ಮಾ, ಅವರೇನು ನಿನ್ನ ಇಂಟರ್‌ವ್ಯೂ ಮಾಡ್ತಾರಾ?” ಎಂದು ರೇಗಿದಳು.

ತೊಂದರೆ ಇದ್ದದ್ದು ಅಡುಗೆಯಲ್ಲಿ ಅಲ್ಲ, ಕೂರಿಸುವುದರಲ್ಲಿ. ಅವರ ಕಡೆ ಅತಿಥಿಗಳೆಲ್ಲ ಒಂದೇ ದೊಡ್ಡ ಹರಿವಾಣದ ಸುತ್ತ ಕೂತು ಅದರಿಂದಲೇ ಉಣ್ಣುತ್ತಾರಂತೆ. ಜಗಳವಾಡಿದವರು ಒಂದೇ ಹರಿವಾಣಕ್ಕೆ ಕೈ ಹಾಕಿದರೆ ಎಲ್ಲ ಮರೆತು ಕ್ಷಮಿಸಿದೆವು ಎಂದು ಆಣೆ ಇಟ್ಟ ಲೆಕ್ಕ. ಡಾಕ್ಟರ ಇಬ್ಬರು ಅಣ್ಣಂದಿರು ಯುದ್ಧದಲ್ಲಿ ಸತ್ತಿದ್ದರು. ಪಾದ್ರಿಯವರ ಇಗರ್ಜಿಯನ್ನು ಜನ ಒಳಗಿದ್ದಾಗಲೇ ಸುಟ್ಟಿದ್ದರು. ಇಬ್ಬರಲ್ಲಿ ಯಾರಿಗೂ ಇನ್ನೂ ಅಂಥ ಆಣೆ ಇಡುವ ಮನಸ್ಸಿರಲಿಲ್ಲ. ಹಾಗೆಂದು ಎರಡು ಮೇಜು ಹಾಕಿದರೆ ಬಂದ ಅಧಿಕಾರಿಗೆ ಕಾಣುವುದು ಎರಡು ಮೇಜು.

“ನಮ್ಮಲ್ಲಿ ಪಂಕ್ತಿ ಅಂತ ಹಾಕ್ತೇವೆ,” ಎಂದೆ ನಾನು. ನೆಲದ ಮೇಲೆ ಒಂದೇ ಸಾಲು, ಒಬ್ಬೊಬ್ಬರಿಗೆ ಒಂದೊಂದು ಎಲೆ. ಎಲ್ಲರಿಗೂ ಬಡಿಸಿ ಆಗುವ ತನಕ ಯಾರೂ ಕೈ ಹಾಕುವುದಿಲ್ಲ. ಎಲ್ಲರ ಊಟ ಮುಗಿಯುವ ತನಕ ಯಾರೂ ಏಳುವುದಿಲ್ಲ.

ಅವಳು ಬೆರಳಿನಿಂದ ನೆಲದ ಮೇಲೆ ಒಂದು ಗೆರೆ ಎಳೆದು ನೋಡಿದಳು. “ಅವರವರ ಎಲೆ ಅವರವರಿಗೆ. ಆದರೆ ಒಂದೇ ಊಟ.”

“ಹೌದು.”

“ನಿಮ್ಮ ಊರಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರಾ?”

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲ, ಎಂದೆ. ಕೆಲವರಿಗೆ ಒಳಗೆ ಸಾಲು, ಕೆಲವರಿಗೆ ಜಗಲಿಯಲ್ಲಿ, ಕೆಲವರಿಗೆ ಅಂಗಳದ ಆಚೆ. ನಿಮ್ಮ ಅಜ್ಜ ಹೋದ ಮೇಲೆ ನನಗೂ ಸಾಲಿರಲಿಲ್ಲ, ಅಡುಗೆಮನೆಯ ಮೂಲೆಯಲ್ಲಿ ಕಡೆಗೆ ಊಟ. ನಿಮ್ಮಮ್ಮ ಇದನ್ನೆಲ್ಲ ಇಂಗ್ಲಿಷಿಗೆ ಮಾಡುವಾಗ ತಲೆ ತಗ್ಗಿಸಿಕೊಂಡಿದ್ದಳು.

“ಹಾಗಾದರೆ ಇಲ್ಲಿ ಒಂದೇ ಸಾಲು ಹಾಕೋಣ,” ಎಂದಳು ಆ ಹೆಂಗಸು.

ಆ ಭಾನುವಾರಕ್ಕೆ ನಿಮ್ಮಪ್ಪ ಸ್ಯಾನ್ ಹೋಸೆಯ ವಿಯೆಟ್ನಾಮಿನವರ ಅಂಗಡಿಯಿಂದ ಹೆಪ್ಪುಗಟ್ಟಿದ ಬಾಳೆಯೆಲೆ ತಂದರು. ಬಿಸಿನೀರಿಗೆ ಹಿಡಿದು ಒಂದೊಂದನ್ನೇ ಬಿಡಿಸಿದೆವು. ತೊಗರಿಬೇಳೆ, ಹುಣಸೆಹಣ್ಣಿಗೆ ಫ್ರೀವೇ ಹಿಡಿದು ಬರ್ಕ್ಲಿಯ ತನಕ ಹೋಗಿಬಂದಿದ್ದರು. ಕೋಸಂಬರಿ, ಬೀನ್ಸ್ ಪಲ್ಯ, ಕುಂಬಳಕಾಯಿ ಹುಳಿ, ಸಾರು, ಕಡಲೆಬೇಳೆ ಪಾಯಸ, ಮೊಸರನ್ನ. ಅಷ್ಟೂ ನಮ್ಮ ಒಲೆಯಲ್ಲೇ ಬೆಂದದ್ದು. ಗಂಟೆ ಹೊಡೆದುಕೊಳ್ಳದ ಹಾಗೆ ನಿಮ್ಮಮ್ಮ ಅದಕ್ಕೆ ಮೊದಲೇ ಒದ್ದೆ ಬಟ್ಟೆ ಕಟ್ಟಿದ್ದಳು.

ಪಕ್ಕದ ಮನೆಯ ಹಾಲಿನಲ್ಲಿ ಸಾಮಾನೆಲ್ಲ ಹೊರಗಿಟ್ಟು, ಎರಡು ಗೋಡೆಗಳ ಉದ್ದಕ್ಕೂ ಮೂಲೆಯಲ್ಲಿ ತಿರುಗುವ ಹಾಗೆ ಒಂದೇ ಸಾಲಿಗೆ ಎಲೆ ಹಾಸಿದೆವು. ಡಾಕ್ಟರ ಕಡೆಯವರು ಬಂದು ಕಿಟಕಿಯ ಹತ್ತಿರ ನಿಂತರು. ಪಾದ್ರಿಯ ಕಡೆಯವರು ಬಂದು ಬಾಗಿಲ ಹತ್ತಿರ ನಿಂತರು. ಡಾಕ್ಟರು ಎತ್ತರದ ಮುದುಕರು, ಸೂಟು ಹಾಕಿದ್ದರು. ಅರ್ಧ ಗಂಟೆಯಲ್ಲಿ ಹೋಗಬೇಕು ಎಂದು ಬಂದ ಕೂಡಲೇ ಹೇಳಿದರಂತೆ. ಕಾರಿನ ಕೀಲಿಯನ್ನು ಕೈಯಲ್ಲೇ ಹಿಡಿದಿದ್ದರು.

ಕಾನ್ಸುಲೇಟಿನ ಅಧಿಕಾರಿ ಕಡೆಗೆ ಬಂದರು. ಕುಳ್ಳಗಿನ ದುಂಡು ಮನುಷ್ಯ. ಹಾಸಿದ್ದನ್ನು ನೋಡಿ ಮುಖವೆಲ್ಲ ನಗುವಾಯಿತು. ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದ ನನ್ನ ಸೆರಗು ಅವರಿಗೆ ಕಂಡಿರಬೇಕು.

“ನಮಸ್ಕಾರ್ರೀ ಅಕ್ಕಾರ. ಯಾವ ಕಡಿಯವ್ರು ನೀವು?”

ಅವರದು ಬಿಜಾಪುರದ ಮಾತು. ನಾನು ಬಾಗಿಲ ಮರೆಗೆ ಇನ್ನಷ್ಟು ಸರಿದೆ. ನಿಮ್ಮಮ್ಮನೇ “ಕುಂದಾಪುರ” ಎಂದಳು.

“ಹಂಗಾರ ಇವತ್ತ ತೆಂಗಿನಕಾಯಿಗೆ ಬರ ಇಲ್ಲ,” ಎಂದು ನೇರ ಹೋಗಿ ಎರಡು ಗೋಡೆ ಕೂಡುವ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. ಮೂಲೆ ಎಂದ ಮೇಲೆ ಅದು ತಲೆಯ ಜಾಗವೂ ಅಲ್ಲ, ಬುಡದ ಜಾಗವೂ ಅಲ್ಲ. ಅವರ ಒಂದು ಮಗ್ಗುಲಿಗೆ ಡಾಕ್ಟರು ಕೂರಬೇಕಾಯಿತು, ಇನ್ನೊಂದು ಮಗ್ಗುಲಿಗೆ ಪಾದ್ರಿ. ಊಟದ ಕಾನೂನನ್ನು ಅವರೇ ಇಂಗ್ಲಿಷಿನಲ್ಲಿ ಎಲ್ಲರಿಗೂ ವಿವರಿಸಿದರು: ಕಡೆಯ ಎಲೆ ಖಾಲಿಯಾಗುವ ತನಕ ಯಾರೂ ಏಳುವ ಹಾಗಿಲ್ಲ, ಎದ್ದರೆ ಅಡುಗೆ ಮಾಡಿದ ತಾಯಿಗೆ ಅವಮಾನ. ಡಾಕ್ಟರು ಕೀಲಿಯನ್ನು ಎಲೆಯ ಪಕ್ಕದಲ್ಲಿ ಇಟ್ಟುಕೊಂಡರು.

ನಿಮ್ಮಮ್ಮನೂ ಆ ಹೆಂಗಸೂ ಬಡಿಸುವುದೆಂದು ಮಾತಾಗಿತ್ತು. ಆದರೆ ಅವರು ಸಾರನ್ನು ಎಲೆಯಿಂದ ಆಚೆ ಹರಿಸುತ್ತಿದ್ದದ್ದು ನೋಡಲಾರದೆ ನಾನೇ ಹೊರಗೆ ಬಂದೆ. ತಲೆ ಎತ್ತಲಿಲ್ಲ. ಎಲೆಗಳನ್ನು ಮಾತ್ರ ನೋಡಿದೆ. ಬಡಿಸುವವಳಿಗೆ ಮುಖ ಬೇಕಾಗಿಲ್ಲ. ಎಲೆಯಲ್ಲಿ ಖಾಲಿ ಜಾಗ ಕಂಡರೆ ಹಾಕುವುದು, ನಮಗೆ ಕಲಿಸಿದ್ದು ಅಷ್ಟು.

ಡಾಕ್ಟರು ಎಲೆಯ ಅಂಚನ್ನೆತ್ತಿ ಮೂಸಿದರು. ಅವರ ದೇಶದಲ್ಲೂ ಬಾಳೆ ಬೆಳೆಯುತ್ತದೆ. “ನಮ್ಮ ಹಳ್ಳಿಯ ಹೊಳೆ ದಂಡೆಯಲ್ಲೆಲ್ಲ ಇದೇ,” ಎಂದರು, ಯಾರಿಗೆ ಎಂದು ಇಲ್ಲದೆ.

ಪಾದ್ರಿ ತಮ್ಮ ಎಲೆಯ ಅಂಚನ್ನು ಸವರಿ, “ಆಚೆ ದಂಡೆಯಲ್ಲೂ ಇದೇ,” ಎಂದರು.

“ಆ ಸೇತುವೆ ಇದೆಯಾ?”

“ಅರ್ಧ ಇದೆ. ನಿಮ್ಮ ಕಡೆಯ ಅರ್ಧ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿದರು. ಇದನ್ನೆಲ್ಲ ನಿಮ್ಮಮ್ಮ ನನಗೆ ಅಡುಗೆಮನೆಯಲ್ಲಿ ಪಾತ್ರೆ ತುಂಬಿಕೊಳ್ಳುವಾಗ ಪಿಸುಮಾತಿನಲ್ಲಿ ಹೇಳುತ್ತಿದ್ದಳು.

ಆಮೇಲೆ ಮಾತು ಬಿಸಿಯಾಯಿತು. ಡಾಕ್ಟರ ಸೋದರಳಿಯ ಸರ್ಕಾರದಲ್ಲೇ ಇರಬೇಕು, ಅವನ ಜನ ಬಂದೂಕು ಕೆಳಗಿಡಬೇಕು ಎಂದು ಮೇಷ್ಟ್ರು ಹೇಳಿದ್ದಕ್ಕೆ ಡಾಕ್ಟರು, “ನಾವೇ ಯಾಕೆ ಮೊದಲು?” ಎಂದು ಕೀಲಿಗೆ ಕೈ ಹಾಕಿದರು. ಅದೇ ಹೊತ್ತಿಗೆ ನಾನು ಅವರ ಎಲೆಯ ಮುಂದೆ ಬಂದಿದ್ದೆ. ಎಲೆ ಒರೆಸಿದ ಹಾಗೆ ಚೊಕ್ಕ ಇತ್ತು. ಹುಳಿ ಅನ್ನ ಬಡಿಸಿದೆ. ಅವರು ನಿಟ್ಟುಸಿರು ಬಿಟ್ಟು ಕೀಲಿ ಕೆಳಗಿಟ್ಟರು, ಉಂಡರು. ಇನ್ನೊಂದು ಸುತ್ತು ಬಂದಾಗ ಎಲೆ ಮತ್ತೆ ಚೊಕ್ಕ. ಮತ್ತೆ ಬಡಿಸಿದೆ.

ನನಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಮನೆಯ ಹೆಂಗಸು ಬಡಿಸಿದ್ದನ್ನು ಬಿಟ್ಟರೆ ಅವರಲ್ಲಿ ದೊಡ್ಡ ಅಪಚಾರ, ಆದ್ದರಿಂದ ಕಡೆಯ ಅಗುಳೂ ಬಿಡದೆ ತಿನ್ನುತ್ತಾರೆ. ಖಾಲಿ ಎಲೆ ಕಂಡೂ ಹಾಕದಿದ್ದರೆ ನಮ್ಮಲ್ಲಿ ದೊಡ್ಡ ಅಪಚಾರ. ನಾನು ಹಾಕಿದಷ್ಟೂ ಅವರು ಉಂಡರು, ಅವರು ಉಂಡಷ್ಟೂ ನಾನು ಹಾಕಿದೆ. ಅವರ ಅರ್ಧ ಗಂಟೆ ಯಾವಾಗಲೋ ಕಳೆದುಹೋಗಿತ್ತು.

“ಅಮ್ಮಾ, ಸಾಕು ಮಾಡು. ಪಾಪ, ಡಾಕ್ಟ್ರು ಬೆವರ್ತಾ ಇದಾರೆ,” ಎಂದಳು ನಿಮ್ಮಮ್ಮ.

“ಎಂತ ಸಾಕು? ಎಲೆ ಖಾಲಿ ಇತ್ತು ಮಾರಾಯ್ತಿ.”

ಮೊಸರನ್ನದ ಸುತ್ತು ಮುಗಿಯಿತು. ಆಗ ನಾನು ನೋಡಿದೆ, ಮೂಲೆಯಲ್ಲಿದ್ದ ಅಧಿಕಾರಿಯ ಎಲೆಯಲ್ಲಿ ಒಂದು ತುತ್ತು ಮೊಸರನ್ನ ಉಳಿದಿತ್ತು. ಇನ್ನೊಮ್ಮೆ ಬಂದಾಗಲೂ ಅಷ್ಟೇ ಇತ್ತು. ಮೊಸರು ಹುಳಿಯಾಗಿದೆ, ಹೇಳಲು ಸಂಕೋಚಪಟ್ಟು ಬಿಟ್ಟಿದ್ದಾರೆ ಎಂದುಕೊಂಡೆ. ಬೇರೆ ಮೊಸರಿನಲ್ಲಿ ಹೊಸದಾಗಿ ಕಲಸಿ ತಂದು, ಬಗ್ಗಿ, ಬಾಯಿ ತೆರೆಯುವುದು ಹೇಗೆಂದು ತಿಳಿಯದೆ ನಿಂತೆ.

ಅವರು ಮುಖವೆತ್ತದೆ, ಎಲೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು. “ಮೊಸರು ಚಲೋ ಐತ್ರಿ ಅಕ್ಕಾರ. ಆದ್ರ ಈ ತುತ್ತು ಹಿಂಗ ಇರ್ಲಿ. ಇದನ್ನ ನಾ ಉಂಡ್ನೆಂದ್ರ ಎಲ್ಲಾರೂ ಎದ್ದ ಬಿಡ್ತಾರ.”

ಆಗ ನನಗೆ ತಿಳಿಯಿತು. ಹೊಟ್ಟೆ ತುಂಬಿದ ಮನುಷ್ಯ, ಕಾಲು ಜೋಮು ಹಿಡಿದು ಒಮ್ಮೆ ಆಚೆ ಒಮ್ಮೆ ಈಚೆ ಒರಗುತ್ತಿದ್ದವರು, ಆ ಒಂದು ತುತ್ತನ್ನು ಕಾಯುತ್ತಾ ಕೂತಿದ್ದರು. ಅಷ್ಟು ಹೊತ್ತು ಅವರು ಯಾರಿಗೂ ಬುದ್ಧಿ ಹೇಳಿರಲಿಲ್ಲ. ಒಬ್ಬರ ಮಾತು ಮುಗಿಯುವ ತನಕ ಕೇಳಿ ಇನ್ನೊಬ್ಬರ ಕಡೆ ತಿರುಗುತ್ತಿದ್ದರು, ಅಷ್ಟೆ.

“ಆ ಡಾಕ್ಟರ ಎಲಿ ಖಾಲಿ ಆಗೇತಿ ನೋಡ್ರಿ,” ಎಂದರು ಮತ್ತೆ.

ನಾನು ಕಲಸಿ ತಂದದ್ದನ್ನು ಡಾಕ್ಟರ ಎಲೆಗೆ ಹಾಕಿದೆ. ಆ ಇಡೀ ಮನೆಯಲ್ಲಿ ಆ ಅಧಿಕಾರಿಯ ಗುಟ್ಟು ತಿಳಿದಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಮಾತು ಹುಟ್ಟಿದಲ್ಲಿ ಎಲೆ ಖಾಲಿಯಾಗದ ಹಾಗೆ ನೋಡಿಕೊಂಡೆ. ಒಬ್ಬರಿಗೆ ಪಾಯಸ, ಇನ್ನೊಬ್ಬರಿಗೆ ಉಪ್ಪಿನಕಾಯಿ. ಪಾದ್ರಿಯವರು ಸುಟ್ಟುಹೋದ ಇಗರ್ಜಿಯ ಮಾತೆತ್ತಿದಾಗ ನೀರು ಹಾಕಿ ಸುಮ್ಮನೆ ನಿಂತೆ. ಅವರು ಅದನ್ನು ಕಡೆಯ ತನಕ ಹೇಳಿದರು. ಡಾಕ್ಟರು ತಲೆ ತಗ್ಗಿಸಿ ಕಡೆಯ ತನಕ ಕೇಳಿದರು. ಬೇರೆ ಎಲ್ಲಾದರೂ ಆಗಿದ್ದರೆ ಯಾರೋ ಒಬ್ಬರು ಎದ್ದು ಹೋಗುತ್ತಿದ್ದರು.

ಕಡೆಗೆ ಪಾದ್ರಿ ಹೇಳಿದರು. “ಯಾರೂ ಮೊದಲಲ್ಲ. ಒಂದೇ ದಿನ, ಎರಡೂ ದಂಡೆಯಲ್ಲಿ ಬಂದೂಕು ಕೆಳಗೆ.”

“ನೋಡುವವರು ಯಾರು? ನಾವು ಇಟ್ಟು, ನೀವು ಇಡದಿದ್ದರೆ?” ಎಂದರು ಡಾಕ್ಟರು.

ಆಗ ಅಧಿಕಾರಿ ಮಾತಾಡಿದರು. ತಮ್ಮ ರಾಯಭಾರಿ ಆ ದಿನಕ್ಕೆ ಮೊದಲೇ ಅಲ್ಲಿಗೆ ಬಂದು ವಾಸ ಮಾಡಬೇಕೆಂದು ತಾವು ಬರೆಯುವುದಾಗಿ ಹೇಳಿದರು. ಸುಮ್ಮನೆ ಬಂದು ಹೋಗುವುದಲ್ಲ. ಹೆಂಡತಿಯನ್ನು, ಅಡುಗೆಯ ಪಾತ್ರೆ ಪಡಗವನ್ನು ಕಟ್ಟಿಕೊಂಡು ಬಂದು ಒಲೆ ಹೂಡಬೇಕು. ಆಗ ಉಳಿದ ದೇಶದವರೂ ಬರುತ್ತಾರೆ. ಅಷ್ಟು ಜನರ ಕಣ್ಣೆದುರು ಮಾತು ತಪ್ಪುವುದು ಎರಡೂ ಕಡೆಯವರಿಗೆ ಕಷ್ಟ. “ಕಳಿಸುತ್ತಾರೆಂದು ನಾನು ಮಾತು ಕೊಡಲಾರೆ. ನನ್ನ ಕೈಯಲ್ಲಿರುವುದು ಬರೆಯುವುದು. ಇವತ್ತು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.”

ಪಕ್ಕದ ಮನೆಯ ಹೆಂಗಸು ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಕೈ ಹಿಡಿದುಕೊಂಡಳು.

ಡಾಕ್ಟರು ಗಂಟಲು ಸರಿಮಾಡಿಕೊಂಡರು. “ನನ್ನ ಸೋದರಳಿಯನಿಗೆ ಫೋನು ಮಾಡಬೇಕು. ಮಾಡಬೇಕಾದರೆ ಏಳಬೇಕು. ಏಳಬೇಕಾದರೆ ಈ ಮಹಾಶಯರು ಆ ಒಂದು ತುತ್ತನ್ನು ನುಂಗಬೇಕು. ಆಗಿನಿಂದ ನೋಡುತ್ತಿದ್ದೇನೆ.”

ಇಡೀ ಸಾಲು ನಕ್ಕಿತು. ಪಾದ್ರಿಯವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಧಿಕಾರಿ ಒಣಗಿ ಗಟ್ಟಿಯಾಗಿದ್ದ ಆ ಮೊಸರನ್ನವನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿದರು. ಎಲ್ಲರೂ ಒಟ್ಟಿಗೆ ಎದ್ದರು. ಕಾಲು ಜೋಮು ಹಿಡಿದ ಡಾಕ್ಟರಿಗೆ ಗೋಡೆ ಸಿಗಲಿಲ್ಲ, ಪಾದ್ರಿಯವರ ಹೆಗಲು ಸಿಕ್ಕಿತು. ಹಾಗೇ ಹಿಡಿದುಕೊಂಡು ಫೋನಿನ ತನಕ ಹೋದರು.

ಹೊರಡುವಾಗ ಅಧಿಕಾರಿ ಅಡುಗೆಮನೆಯ ಬಾಗಿಲಿಗೆ ಬಂದರು. “ಅಕ್ಕಾರ, ನಿಮ್ಮಿಂದ ಇವತ್ತ ದೊಡ್ಡ ಕೆಲಸ ಆತು.”

ನನಗೆ ನಾಚಿಕೆಯಾಯಿತು. “ಮೊಸರು ಹುಳಿಯಾಗಿತ್ತಾ?” ಎಂದು ಮಾತ್ರ ಕೇಳಿದೆ. ಸನ್ನಿವೇಲ್‌ಗೆ ಬಂದ ಮೇಲೆ ಪರ ಗಂಡಸಿನ ಹತ್ತಿರ ನಾನು ಆಡಿದ ಮೊದಲ ಮಾತು ಅದು.

“ಕಡೀ ತುತ್ತು ಹುಳಿ ಆಗಿತ್ರಿ. ಅದು ನನ್ನ ತಪ್ಪು,” ಎಂದು ಕೈ ಮುಗಿದು ಹೋದರು. ಆಮೇಲೆ ಅವರನ್ನು ನಾನು ನೋಡಲಿಲ್ಲ, ಬೇರೆ ಕಡೆಗೆ ವರ್ಗವಾಯಿತು ಎಂದು ಕೇಳಿದೆ. ರಾಜತಂತ್ರ ಎಂದರೆ ಸೂಟು, ಕೈಕುಲುಕುವುದು, ಪೇಪರಿನ ಪಟ ಎಂದುಕೊಂಡಿದ್ದೆ. ಜೋಮು ಹಿಡಿದ ಕಾಲಿನಲ್ಲಿ ಕೂತಿರುವುದೂ ಅದೇ ಎಂದು ಅವರಿಂದ ತಿಳಿಯಿತು.

ಒಂದು ಊಟದಿಂದ ಒಂದು ದೇಶ ಉಳಿಯಿತು ಎಂದು ನಾನು ಹೇಳುವುದಿಲ್ಲ. ಅಂಥ ಎಷ್ಟೋ ಊಟ, ಎಷ್ಟೋ ಫೋನು ಬೇರೆ ಬೇರೆ ಕಡೆ ಆಗಿರಬೇಕು. ಆದರೆ ನಮ್ಮ ರಾಯಭಾರಿ ಹೋದರು, ಹೆಂಡತಿಯನ್ನೂ ಕರೆದುಕೊಂಡು. ಅವರ ಹಿಂದೆ ಇನ್ನು ಕೆಲವು ದೇಶದವರು ಹೋದರು. ಬಂದೂಕು ಇಡುವ ದಿನ ಎರಡು ಸಲ ಮುಂದಕ್ಕೆ ಹೋಯಿತು. ಆಗೆಲ್ಲ ಗೋಡೆಯಾಚೆ ಟೈಪ್‌ರೈಟರಿನ ಸದ್ದು ನಿಲ್ಲುತ್ತಿತ್ತು, ನಮ್ಮ ಮನೆಯಲ್ಲೂ ಯಾರಿಗೂ ಊಟ ರುಚಿಸುತ್ತಿರಲಿಲ್ಲ. ಆದರೂ ಆ ಸರ್ಕಾರ ಅಲ್ಲಾಡುತ್ತಾ ಅಲ್ಲಾಡುತ್ತಾ ಚುನಾವಣೆಯ ತನಕ ನಿಂತಿತು. ವೀಸಾ ಕೊಡುವ ಕಚೇರಿಯೂ ತೆರೆಯಿತು.

ಹುಡುಗಿ ಬಂದ ದಿನ ನಮ್ಮನ್ನೂ ಊಟಕ್ಕೆ ಕರೆದರು. ಅವಳು ಪಟದಲ್ಲಿದ್ದುದಕ್ಕಿಂತ ಬಹಳ ಉದ್ದವಾಗಿದ್ದಳು, ಬಿದ್ದ ಹಲ್ಲು ಬಂದಿತ್ತು. ತಾಯಿಯ ಮುಖ ನೋಡಲು ನಾಚಿ ಎಲೆಯನ್ನೇ ನೋಡುತ್ತಿದ್ದಳು. ಆ ನಾಚಿಕೆ ನನಗೆ ಚೆನ್ನಾಗಿ ಗೊತ್ತು. ನೆಲದ ಮೇಲೆ ಒಂದೇ ಸಾಲಿಗೆ ಎಲೆ ಹಾಸಿದ್ದರು, ಆ ಮನೆಯಲ್ಲಿ ಅದೇ ರೂಢಿಯಾಗಿಬಿಟ್ಟಿತ್ತು. ಆ ಹೆಂಗಸು ನನ್ನನ್ನು ಕೈ ಹಿಡಿದು ತಂದು ಸಾಲಿನಲ್ಲಿ ತನ್ನ ಪಕ್ಕದಲ್ಲೇ ಕೂರಿಸಿದಳು. ನಿಮ್ಮ ಅಜ್ಜ ಹೋದ ಮೇಲೆ ನಾನು ಸಾಲಿನಲ್ಲಿ ಕೂತು ಉಂಡದ್ದು ಅದೇ ಮೊದಲು.

ಹುಡುಗಿ ಬಹಳ ನಿಧಾನವಾಗಿ ತಿನ್ನುತ್ತಿದ್ದಳು. ನಮ್ಮೆಲ್ಲರದೂ ಮುಗಿಯುತ್ತಾ ಬಂತು. ಅಭ್ಯಾಸದಂತೆ ನಾನು ಪಕ್ಕದ ಎಲೆಯನ್ನು ನೋಡಿದೆ. ತಾಯಿಯ ಎಲೆಯಲ್ಲಿ ಒಂದು ತುತ್ತು ಉಳಿದಿತ್ತು. ಮಗಳ ಎಲೆ ಖಾಲಿಯಾಗುವ ತನಕ ಅವಳು ಅದನ್ನು ಮುಟ್ಟಲಿಲ್ಲ.